ಸಲಿಕೆ ಹಿಡಿದವರು ಯಾರು?

ಸೋಮವಾರ, ಸೇಂಟ್ ಪ್ಯಾಂಕ್ರಾಸ್

ಬ್ರಿಟಿಷ್ ಲೈಬ್ರರಿಯ ಓದುವ ಕೋಣೆಗೆ ಪೆನ್ನು ಒಯ್ಯುವಂತಿಲ್ಲ. ಪೆನ್ಸಿಲ್ ಮಾತ್ರ. ಕೋಟು, ಬ್ಯಾಗು, ನೀರಿನ ಬಾಟಲಿ ಎಲ್ಲವನ್ನೂ ಕೆಳಗೆ ಲಾಕರಿನಲ್ಲಿಟ್ಟು, ಬೇಕಾದ್ದನ್ನು ಒಂದು ಪಾರದರ್ಶಕ ಚೀಲಕ್ಕೆ ಹಾಕಿಕೊಂಡು ಮೇಲೆ ಹೋಗಬೇಕು. ಓದುಗರ ಕಾರ್ಡನ್ನು ಮೊದಲೇ ಮಾಡಿಸಿಕೊಂಡಿದ್ದೆ, ಪುಸ್ತಕವನ್ನೂ ಮೊದಲೇ ತರಿಸಲು ಹೇಳಿದ್ದೆ. ಮೇಜಿನ ಮೇಲೆ ಸ್ಪಂಜಿನ ಒರಗು ಇಟ್ಟು, ಅದರ ಮೇಲೆ ಪುಸ್ತಕ ತೆರೆದುಕೊಂಡು ಕುಳಿತೆ.

ಲಂಡನ್ನಿಗೆ ಬಂದವರು ರಾಣಿಯ ಕಿರೀಟ, ದೊಡ್ಡ ಗಡಿಯಾರ ನೋಡಿ ಹೋಗುತ್ತಾರೆ. ಅದನ್ನೆಲ್ಲ ನಾನು ಹಿಂದೆ ಒಮ್ಮೆ ನೋಡಿಯಾಗಿದೆ. ಈ ಸಲದ ಆಸೆ ಬೇರೆ. ಹೆಂಗಸರಿಗಾಗಿ ಹೆಂಗಸರೇ ಬರೆದ ಮೊದಮೊದಲ ತೋಟಗಾರಿಕೆ ಪುಸ್ತಕಗಳನ್ನು ಕೈಯಲ್ಲಿ ಹಿಡಿದು ನೋಡಬೇಕು, ಬರೆದವರು ಬದುಕಿದ ಜಾಗಗಳಿಗೆ ಹೋಗಬೇಕು. ಹ್ಯಾರೋದಲ್ಲಿ ತಂಗಿ ಇದ್ದಾಳೆ. ಊಟ, ಹಾಸಿಗೆಗೆ ಚಿಂತೆಯಿಲ್ಲ. ಹಗಲೆಲ್ಲ ನನ್ನದೇ.

ಇಂಗ್ಲಿಷಿನಲ್ಲಿ ಹೆಂಗಸರಿಗೆ ಅಂತಲೇ ಬಂದ ಮೊದಲ ತೋಟದ ಪುಸ್ತಕ ಬರೆದದ್ದು ಒಬ್ಬ ಗಂಡಸು. ವಿಲಿಯಂ ಲಾಸನ್, ಯಾರ್ಕ್‌ಷೈರಿನ ಒಬ್ಬ ಪಾದ್ರಿ. 1618ರಲ್ಲಿ ತನ್ನ ಹಣ್ಣಿನ ತೋಟದ ಪುಸ್ತಕದ ಜೊತೆ ಹಳ್ಳಿ ಮನೆಯ ಗೃಹಿಣಿಗೆ ಅಂತ ಒಂದು ಭಾಗ ಸೇರಿಸಿದ. ಸೊಪ್ಪು, ಹೂವು, ಜೇನುಗೂಡು ಎಲ್ಲ ಅದರಲ್ಲಿದೆ. ಹೆಂಗಸರು ತಾವೇ ಬರೆಯಲು ಶುರುಮಾಡಿದ್ದು ಬಹಳ ಆಮೇಲೆ. ಮರಿಯಾ ಎಲಿಜಬೆತಾ ಜ್ಯಾಕ್ಸನ್ 1797ರಲ್ಲಿ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸುವ ಪುಸ್ತಕ ಬರೆದರು. 1816ರಲ್ಲಿ ಹೂದೋಟದ ಬಗ್ಗೆ ಇನ್ನೊಂದು ಬಂತು. ಮುಖಪುಟದಲ್ಲಿ ಅವರ ಹೆಸರಿಲ್ಲ. ಒಳ್ಳೆ ಮನೆತನದ ಹೆಂಗಸು ಹೆಸರು ಅಚ್ಚು ಹಾಕಿಸಿಕೊಳ್ಳುವುದು ಆಗ ಚೆನ್ನಾಗಿ ಕಾಣುತ್ತಿರಲಿಲ್ಲ. 1839ರಲ್ಲಿ ಲೂಯಿಸಾ ಜಾನ್ಸನ್ ಅನ್ನುವವರ ಪುಸ್ತಕ ಬಂತು. ಪ್ರತಿ ಹೆಂಗಸೂ ತನ್ನ ಹೂದೋಟಕ್ಕೆ ತಾನೇ ಮಾಲಿ ಅನ್ನುವುದು ಅದರ ಹೆಸರಿನ ಅರ್ಥ.

ಅದರ ಮರುವರ್ಷ ಬಂದದ್ದೇ ನನ್ನ ಮುಂದಿದ್ದ ಪುಸ್ತಕ. 1840, ಜಾನ್ ಮರ್ರೆ ಪ್ರಕಾಶನ, ಜೇನ್ ಲೌಡನ್ ಬರೆದ 'ಇನ್‌ಸ್ಟ್ರಕ್ಷನ್ಸ್ ಇನ್ ಗಾರ್ಡನಿಂಗ್ ಫಾರ್ ಲೇಡೀಸ್'. ಇದರ ಮುಖಪುಟದಲ್ಲಿ ಹೆಸರಿದೆ, 'ಮಿಸೆಸ್ ಲೌಡನ್' ಅಂತ. ಗುಲಾಬಿ, ಲಿಲ್ಲಿ ಅಂತ ಶುರುವಾಗುತ್ತೆ ಅಂದುಕೊಂಡು ತೆರೆದರೆ, ಮೊದಲ ಅಧ್ಯಾಯವೇ ಮಣ್ಣು ಅಗೆಯುವುದು!

ಅದೂ ಸುಮ್ನೆ ಮೇಲುಮೇಲಿನ ಮಾತಲ್ಲ. ನೆಲ ಅಗೆಯುವುದು ಹೆಂಗಸಿನ ಕೋಮಲ ಕೈಕಾಲಿಗೆ ಆಗದ ಕೆಲಸ ಅಂತ ಮೊದಲ ನೋಟಕ್ಕೆ ಕಾಣುತ್ತದೆ ಅಂತ ಆಕೆ ಒಪ್ಪುತ್ತಾಳೆ. ಆಮೇಲೆ ಅದನ್ನು ಒಂದೊಂದಾಗಿ ಬಿಡಿಸಿ ಹಾಕುತ್ತಾಳೆ. ಸಲಿಕೆ ಸಣ್ಣದಿರಲಿ, ಹಗುರವಿರಲಿ. ಹಿಡಿ ಹೆಂಗಸಿನ ಮುಷ್ಟಿಗೆ ಸಿಗುವಷ್ಟು ತೆಳುವಾಗಿರಲಿ, ವಿಲೋ ಮರದ್ದಾದರೆ ನುಣುಪು ಮತ್ತು ಗಟ್ಟಿ. ಸಲಿಕೆಯನ್ನು ನೆಟ್ಟಗೆ ಚುಚ್ಚಬೇಡಿ, ಓರೆಯಾಗಿ ಇಳಿಸಿ. ಒಂದು ಸಲಕ್ಕೆ ಸ್ವಲ್ಪವೇ ಮಣ್ಣು ಎತ್ತಿ. ಬಲ ಕಡಿಮೆ ಇದ್ದರೆ ಸಮಯ ಜಾಸ್ತಿ ಕೊಡಿ, ಅಷ್ಟೇ. ಕಾಲಿನ ಬೂಟಿನಡಿ ಒಂದು ಕಬ್ಬಿಣದ ತಗಡು ಇರಲಿ, ಸಲಿಕೆ ಒತ್ತುವಾಗ ಪಾದ ನೋಯುವುದಿಲ್ಲ. ಕೈಗೆ ಮುಂಗೈವರೆಗೂ ಬರುವ ದಪ್ಪ ಚರ್ಮದ ಗವುಸು. ಅದರ ಚಿತ್ರವೂ ಇದೆ. ಆ ಗವುಸು ರೂಪಿಸಿದ್ದೂ ಒಬ್ಬ ಹೆಂಗಸೇ.

ಹೀಗೆ ನಿಧಾನವಾಗಿ ಅಗೆದರೆ ಒಂದು ಸಣ್ಣ ಕೈತೋಟದ ಅಗೆತವನ್ನೆಲ್ಲ ಹೆಂಗಸು ತಾನೇ ಮಾಡಿ ಮುಗಿಸಬಹುದು ಅನ್ನುತ್ತಾಳೆ ಜೇನ್. ವ್ಯಾಯಾಮದಿಂದ, ಹೊಸ ಮಣ್ಣಿನ ವಾಸನೆಯಿಂದ ಮೈಮನಸ್ಸು ಎಷ್ಟು ಗೆಲುವಾಗುತ್ತದೆ ನೋಡಿ ಅಂತಲೂ ಸೇರಿಸುತ್ತಾಳೆ. ನಾನು ಸಾಗರದ ಕಡೆಯವಳು. ಮೊದಲ ಮಳೆಗೆ ಎದ್ದ ಮಣ್ಣಿನ ವಾಸನೆಗೆ ಅಂಗಳಕ್ಕೆ ಓಡಿ ಬಂದು ಬೆಳೆದವಳು. ವಿಕ್ಟೋರಿಯಾ ಕಾಲದ ಇಂಗ್ಲಿಷ್ ಹೆಂಗಸೊಬ್ಬಳು ಇದನ್ನು ಹೇಳುತ್ತಾಳೆ ಅಂತ ನಿರೀಕ್ಷೆಯೇ ಇರಲಿಲ್ಲ.

ಪುಸ್ತಕದ ಮುನ್ನುಡಿಯಲ್ಲಿ ಇನ್ನೊಂದು ಮಾತಿದೆ. ವೃತ್ತಿಯ ಮಾಲಿಗಳಿಗೆ ಬರೆದ ಪುಸ್ತಕ ಹೊಸಬರಿಗೆ ಉಪಯೋಗಕ್ಕೆ ಬರುವುದಿಲ್ಲ, ಜೀವಮಾನವಿಡೀ ಒಂದು ವಿಷಯ ಗೊತ್ತಿದ್ದವನಿಗೆ ಏನೂ ಗೊತ್ತಿಲ್ಲದವರ ಕಷ್ಟ ಊಹಿಸುವುದೇ ಆಗುವುದಿಲ್ಲ ಅಂತ. ತಾನು ಮದುವೆಯಾಗುವಾಗ ಗಿಡಗಳ ಬಗ್ಗೆ ಏನೇನೂ ಗೊತ್ತಿರಲಿಲ್ಲ, ಎಲ್ಲ ಆಮೇಲೆ ಕಲಿತದ್ದು ಅಂತ ಆಕೆ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಈ ಪುಸ್ತಕ ಇಷ್ಟು ಚೆನ್ನಾಗಿ ಓದಿಸಿಕೊಳ್ಳುವುದು ಅದಕ್ಕೇ ಅಂತ ನನಗನಿಸಿತು. ನಿನ್ನೆ ಮೊನ್ನೆ ಕಲಿತವಳಿಗೆ ತಾನು ಎಲ್ಲಿ ಎಡವಿದ್ದೆ ಅನ್ನುವುದು ಇನ್ನೂ ನೆನಪಿರುತ್ತದೆ.

ಐದು ಗಂಟೆಗೆ ಪುಸ್ತಕ ವಾಪಸು ಕೊಟ್ಟು ಹೊರಬಂದೆ. ಆಗಲೇ ತಲೆಯಲ್ಲಿ ಒಂದು ಪ್ರಶ್ನೆ ಕೂತಿತ್ತು. ಈ ಪುಸ್ತಕಗಳಲ್ಲೆಲ್ಲ ನಿಜವಾಗಿ ಸಲಿಕೆ ಹಿಡಿಯುವವರು ಯಾರು? ಓದುವ ಹೆಂಗಸೋ, ಅವಳ ಮನೆಯ ಆಳೋ?

ಮಂಗಳವಾರ, ಬೇಸ್‌ವಾಟರ್ ಮತ್ತು ಕೆನ್ಸಲ್ ಗ್ರೀನ್

ಕ್ವೀನ್ಸ್‌ವೇ ಸ್ಟೇಷನ್ನಿನಿಂದ ಪೋರ್ಚೆಸ್ಟರ್ ಟೆರೇಸ್ ಎರಡು ಹೆಜ್ಜೆ. ಈಗ ಅದು ಭಾರೀ ಶ್ರೀಮಂತರ ಬೀದಿ. 3ನೇ ನಂಬರಿನ ಮನೆಯ ಗೋಡೆಗೆ ದುಂಡನೆಯ ಫಲಕ. ಜಾನ್ ಮತ್ತು ಜೇನ್ ಲೌಡನ್ ಇಲ್ಲಿದ್ದರು, ಇವರ ತೋಟಗಾರಿಕೆ ಲಂಡನ್ನಿನ ಚೌಕಗಳಿಗೆ ಹೊಸ ಚೆಲುವು ಕೊಟ್ಟಿತು ಅಂತ ಬರೆದಿದೆ. ಗಂಡ ಹೆಂಡತಿ ಇಬ್ಬರ ಹೆಸರೂ ಒಂದೇ ಫಲಕದಲ್ಲಿ. ನೋಡಿ ಖುಷಿಯಾಯಿತು.

ಮನೆ ನೋಡಲು ಒಂದೇ ದೊಡ್ಡ ಬಂಗಲೆ. ನಿಜವಾಗಿ ಅದು ಒಂದಕ್ಕೊಂದು ಅಂಟಿಕೊಂಡ ಎರಡು ಮನೆ. ನಡುವೆ ಗಾಜಿನ ಗುಮ್ಮಟದ ಗಿಡದ ಮನೆ. ಜಾನ್ ಲೌಡನ್ 1820ರ ದಶಕದಲ್ಲಿ ತಾನೇ ರೂಪಿಸಿ ಕಟ್ಟಿಸಿದ್ದು. ಗೇಟಿನ ಹೊರಗೆ ನಿಂತು ನೋಡುವುದಷ್ಟೇ ನಮ್ಮ ಪಾಲಿಗೆ. ಖಾಸಗಿ ಮನೆ ಅಲ್ವಾ.

ಇವರಿಬ್ಬರು ಭೇಟಿಯಾದ ಕತೆಯೇ ಸೊಗಸು. ಜೇನ್ ವೆಬ್ ಬರ್ಮಿಂಗ್‌ಹ್ಯಾಮ್ ಕಡೆಯವಳು, ಹುಟ್ಟಿದ್ದು 1807ರಲ್ಲಿ. ಹದಿಹರೆಯದಲ್ಲೇ ಅಪ್ಪನೂ ಹೋದ, ಕೈಯಲ್ಲಿ ಕಾಸಿಲ್ಲ. ಬರೆದು ಬದುಕಬೇಕು ಅಂತ ಹೊರಟಳು. 1827ರಲ್ಲಿ 'ದಿ ಮಮ್ಮಿ' ಅನ್ನುವ ಕಾದಂಬರಿ ಹೆಸರಿಲ್ಲದೆ ಅಚ್ಚಾಯಿತು. ಕತೆ ನಡೆಯುವುದು 22ನೇ ಶತಮಾನದಲ್ಲಿ. ಹೆಂಗಸರು ಪ್ಯಾಂಟು ಹಾಕುತ್ತಾರೆ, ಹೊಲ ಉಳುವ ಕೆಲಸ ಉಗಿಯಂತ್ರದ್ದು. ಆಗ ಜಾನ್ ಲೌಡನ್ 'ಗಾರ್ಡನರ್ಸ್ ಮ್ಯಾಗಜೀನ್' ನಡೆಸುತ್ತಿದ್ದ, ದೊಡ್ಡ ಹೆಸರು. ಕಾದಂಬರಿಯ ಉಳುವ ಯಂತ್ರದಿಂದ ಅವನಿಗೆ ಭಾರೀ ಕುತೂಹಲ. ತನ್ನ ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದ. ಬರೆದವನನ್ನು ಭೇಟಿಯಾಗಬೇಕು ಅಂತ ಹುಡುಕಿಸಿದ. 1830ರ ಫೆಬ್ರವರಿಯಲ್ಲಿ ಎದುರಿಗೆ ಬಂದು ನಿಂತದ್ದು ಒಬ್ಬ ಹುಡುಗಿ. ಅದೇ ಸೆಪ್ಟೆಂಬರಿನಲ್ಲಿ ಮದುವೆ.

ಇಪ್ಪತ್ತಕ್ಕೂ ಹೆಚ್ಚು ವರ್ಷದ ಅಂತರ. ಜೊತೆಗೆ ಲೌಡನ್‌ಗೆ ಬಲಗೈ ಇರಲಿಲ್ಲ. 1825ರಲ್ಲಿ ಅದನ್ನು ಕತ್ತರಿಸಬೇಕಾಗಿ ಬಂದಿತ್ತು. ಎಡಗೈಯೂ ಅಷ್ಟಕ್ಕಷ್ಟೆ. ಅವನು ಹೇಳುತ್ತಾ ಹೋಗುವುದು, ಜೇನ್ ರಾತ್ರಿಯೆಲ್ಲ ಬರೆದುಕೊಳ್ಳುವುದು. ಹಾಗೆ ಬರೆದುಕೊಳ್ಳುತ್ತಲೇ ಆಕೆ ಕಲಿತಳು. ಜಾನ್ ಲಿಂಡ್ಲಿಯ ಸಸ್ಯಶಾಸ್ತ್ರದ ಉಪನ್ಯಾಸಗಳಿಗೂ ಹೋದಳು. ನಾನು ಸೋಮವಾರ ಓದಿದ ಆ ತೋಟದ ಪುಸ್ತಕವನ್ನು ಗಂಡನಿಗೇ ಅರ್ಪಿಸಿ, ಈ ವಿಷಯದಲ್ಲಿ ನನಗೆ ಗೊತ್ತಿರುವುದೆಲ್ಲ ಇವರಿಂದ ಅಂದಳು.

ಆಕೆ ಬರೆಯಲು ಕಾರಣ ಬರೀ ಪ್ರೀತಿಯಲ್ಲ, ಸಾಲವೂ ಹೌದು. ಲೌಡನ್ ಬ್ರಿಟನ್ನಿನ ಮರಗಳ ಬಗ್ಗೆ 8 ಸಂಪುಟಗಳ ಮಹಾಗ್ರಂಥವನ್ನು ಸ್ವಂತ ಖರ್ಚಿನಲ್ಲಿ ಹೊರಡಿಸಿದ. 1838ರಲ್ಲಿ ಅದು ಮುಗಿಯುವ ಹೊತ್ತಿಗೆ ಸಾಲ 10,000 ಪೌಂಡು. ಅದರ ನಂತರವೇ ಜೇನ್‌ಳ ಪುಸ್ತಕಗಳು ಸಾಲಾಗಿ ಬಂದವು. 1840ರಲ್ಲಿ ನಾನು ಓದಿದ್ದು, 1841ರಲ್ಲಿ ಅಕಾರಾದಿಯಾಗಿ ಗಿಡಗಳ ವಿವರ ಕೊಡುವ 'ಲೇಡೀಸ್ ಕಂಪ್ಯಾನಿಯನ್', ಜೊತೆಜೊತೆಗೇ ಬಣ್ಣದ ಚಿತ್ರಗಳ ದೊಡ್ಡ ಸಂಪುಟಗಳು. 1843ರಲ್ಲಿ ಅಮೆರಿಕದಲ್ಲೂ ಮುದ್ರಣವಾಯಿತು. ಅದನ್ನು ಸಂಪಾದಿಸಿದ್ದು ಅಲ್ಲಿನ ಹೆಸರಾಂತ ತೋಟ ವಿನ್ಯಾಸಕ ಆಂಡ್ರೂ ಜ್ಯಾಕ್ಸನ್ ಡೌನಿಂಗ್. ಅದೇ ವರ್ಷದ ಡಿಸೆಂಬರಿನಲ್ಲಿ ಲೌಡನ್ ಇದೇ ಮನೆಯಲ್ಲಿ, ಎಳೆಯ ಮಾಲಿಗಳಿಗಾಗಿ ಒಂದು ಪುಸ್ತಕ ಹೇಳಿ ಬರೆಸುತ್ತಿದ್ದ ದಿನಗಳಲ್ಲೇ, ಹೆಂಡತಿಯ ತೋಳಿನಲ್ಲಿ ಸತ್ತ. ಮಗಳು ಆಗ್ನೆಸ್‌ಗೆ ಹನ್ನೊಂದು. ಆಮೇಲೆ ಸರ್ಕಾರ ವರ್ಷಕ್ಕೆ 100 ಪೌಂಡು ಪಿಂಚಣಿ ಕೊಟ್ಟಿತು. ಜೇನ್ ಬರೆಯುವುದನ್ನು ನಿಲ್ಲಿಸುವ ಹಾಗಿರಲಿಲ್ಲ.

ಮಧ್ಯಾಹ್ನ ಕೆನ್ಸಲ್ ಗ್ರೀನ್ ಸ್ಮಶಾನಕ್ಕೆ ಹೋದೆ. 1833ರಿಂದ ಇರುವ ಭಾರೀ ಸ್ಮಶಾನ. ಹುಲ್ಲು ಮೊಣಕಾಲಿನವರೆಗೆ. ಲೌಡನ್ ದಂಪತಿಗಳ ಸಮಾಧಿ ಇಲ್ಲೇ. ಜೇನ್ 1858ರಲ್ಲಿ ತೀರಿಕೊಂಡಳು, ಐವತ್ತು ದಾಟಿತ್ತು ಅಷ್ಟೇ. ರವೀಂದ್ರನಾಥ ಟಾಗೋರರ ಅಜ್ಜ ದ್ವಾರಕಾನಾಥ ಟಾಗೋರ್ 1846ರಲ್ಲಿ ಲಂಡನ್ನಿನಲ್ಲಿ ಸತ್ತಾಗ ಹೂಳಿದ್ದೂ ಈ ಸ್ಮಶಾನದಲ್ಲೇ. ಅಲ್ಲಿ ಸಿಕ್ಕಿದ ಒಬ್ಬ ಸ್ವಯಂಸೇವಕ ಮುದುಕ ನನ್ನ ಮುಖ ನೋಡಿ "ಟಾಗೋರ್ ಹುಡುಕುತ್ತಿದ್ದೀರಾ?" ಅಂತ ಕೇಳಿದ. ಲೌಡನ್ ಅಂದೆ. ಅವನಿಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಲೌಡನ್ ಸ್ಮಶಾನಗಳ ವಿನ್ಯಾಸದ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದ, ಸತ್ತದ್ದೂ ಅದು ಬಂದ ವರ್ಷವೇ ಅಂತ ಹತ್ತು ನಿಮಿಷ ಹೇಳಿದ. ಜೇನ್ ಬಗ್ಗೆ ಕೇಳಿದರೆ, "ಹೌದು, ಹೆಂಡತಿಯೂ ಬರೆಯುತ್ತಿದ್ದಳು" ಅಂದ. ಫಲಕಕ್ಕೆ ಇರುವ ತಿಳಿವಳಿಕೆ ಎಲ್ಲರಿಗೂ ಇರಬೇಕು ಅಂತಿಲ್ಲ.

ಬುಧವಾರ, ಲ್ಯಾಂಬೆತ್

ಬೆಳಗಿನಿಂದ ಜಿಟಿಜಿಟಿ ಮಳೆ. ಥೇಮ್ಸ್ ದಡದ ಗಾರ್ಡನ್ ಮ್ಯೂಸಿಯಂಗೆ ಹೋದೆ. ಹಳೆಯ ಚರ್ಚು. ಕೆಡವಲು ಹೊರಟಿದ್ದರು, 1977ರಲ್ಲಿ ಒಂದು ದಂಪತಿ ಉಳಿಸಿಕೊಂಡು ಮ್ಯೂಸಿಯಂ ಮಾಡಿದರು. ಅಂಗಳದಲ್ಲಿ 17ನೇ ಶತಮಾನದ ಗಿಡ ಸಂಗ್ರಾಹಕರಾದ ಟ್ರಾಡೆಸ್ಕಾಂಟ್ ಅಪ್ಪ ಮಗನ ಕೆತ್ತನೆಯ ಸಮಾಧಿ. ಪಕ್ಕದಲ್ಲೇ ಬೌಂಟಿ ಹಡಗಿನ ಕ್ಯಾಪ್ಟನ್ ಬ್ಲೈ. ಹಲಸಿನ ಜಾತಿಯ ಬ್ರೆಡ್‌ಫ್ರೂಟ್ ಸಸಿ ತರಲು ಹೋಗಿ ದಂಗೆ ಎದುರಿಸಿದವನು.

ಒಳಗೆ ಹಳೆಯ ತೋಟದ ಸಾಮಾನುಗಳು ತುಂಬಾ ಇವೆ. ಹುಲ್ಲು ಕತ್ತರಿಸುವ ಯಂತ್ರದ ಕತೆ ನೆನಪಾಯಿತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಅದಕ್ಕೆ ಪೇಟೆಂಟ್ ಪಡೆದ. ಹಳ್ಳಿಯ ದೊಡ್ಡ ಮನುಷ್ಯರು ಇದನ್ನು ತಾವೇ ಓಡಿಸಿದರೆ ಮೋಜೂ ಹೌದು, ವ್ಯಾಯಾಮವೂ ಹೌದು ಅನ್ನುವ ಧಾಟಿಯಲ್ಲಿ ಅದನ್ನು ಮಾರಿದರು. ಗಂಡಸಿಗೆ ಯಂತ್ರ ಕೊಟ್ಟು ಮೋಜು ಅಂದರು. ಹತ್ತು ವರ್ಷದ ನಂತರ ಜೇನ್ ಹೆಂಗಸಿಗೆ ಸಲಿಕೆ ಕೊಟ್ಟು ಆರೋಗ್ಯ ಅಂದಳು. ಇಬ್ಬರೂ ಮಾತಾಡುತ್ತಿರುವುದು ಅಗೆಯಲೇಬೇಕಾದ ಅಗತ್ಯ ಇಲ್ಲದವರ ಜೊತೆ.

ಹೊಟ್ಟೆಗಾಗಿ ತೋಟದಲ್ಲಿ ದುಡಿದ ಹೆಂಗಸರು ಇಂಗ್ಲೆಂಡಿನಲ್ಲಿ ನೂರಾರು ವರ್ಷಗಳಿಂದ ಇದ್ದರು. ದೊಡ್ಡ ಮನೆಗಳ ತೋಟದಲ್ಲಿ ಕಳೆ ಕೀಳುವ ಕೂಲಿ ಹೆಂಗಸರು. ಮೊಣಕಾಲೂರಿ ಇಡೀ ದಿನ ಕೀಳಬೇಕು, ಕೂಲಿ ಗಂಡಾಳಿಗಿಂತ ಎಷ್ಟೋ ಕಡಿಮೆ. ಅವರು ಪುಸ್ತಕ ಬರೆಯಲಿಲ್ಲ, ಅವರಿಗಾಗಿ ಯಾರೂ ಬರೆಯಲೂ ಇಲ್ಲ. ಗವುಸಿನ ಚಿತ್ರ ಅವರಿಗಲ್ಲ. ನಮ್ಮ ಅಡಿಕೆ ತೋಟದ ಕಳೆ ತೆಗೆಯಲು ಬರುತ್ತಿದ್ದ ಹೆಂಗಸರ ಕೈಗೆ ಗವುಸು ನಾನಂತೂ ಕಂಡಿಲ್ಲ.

ಕಾಫಿ ಕುಡಿಯುವಷ್ಟರಲ್ಲಿ ಮಳೆ ಜಾಸ್ತಿಯಾಯಿತು. ಬೇಗ ಮನೆಗೆ ಬಂದೆ.

ಗುರುವಾರ, ಗೊಡಾಲ್ಮಿಂಗ್

ವಾಟರ್‌ಲೂದಿಂದ ರೈಲು. ಲಂಡನ್ ಕಳೆದು ಸರ್‍ರೆ ಸೀಮೆ ಬಂದ ಹಾಗೆ ಹಸಿರು ಏರುತ್ತಾ ಹೋಗುತ್ತದೆ. ಗೊಡಾಲ್ಮಿಂಗ್ ಸಣ್ಣ ಊರು. ಇಲ್ಲಿ ಗರ್ಟ್ರೂಡ್ ಜೀಕಲ್ ಇದ್ದಳು, 1843ರಿಂದ 1932. ಇಂಗ್ಲಿಷ್ ಹೂದೋಟ ಅಂದರೆ ಇವತ್ತು ನಮ್ಮ ಕಣ್ಣಿಗೆ ಬರುವ ಚಿತ್ರವಿದೆಯಲ್ಲ, ತಣ್ಣನೆ ನೀಲಿ ಬೂದಿಯಿಂದ ಶುರುವಾಗಿ ನಡುವೆ ಕೆಂಪು ಕಿತ್ತಳೆಗೆ ಏರಿ ಮತ್ತೆ ತಣ್ಣಗಾಗುವ ಉದ್ದ ಹೂಪಟ್ಟಿ, ಅದು ಬಹುಪಾಲು ಈಕೆಯ ಕೊಡುಗೆ. ಮೊದಲು ಚಿತ್ರಕಲೆ, ಕಸೂತಿ ಮಾಡುತ್ತಿದ್ದವಳು. ದೃಷ್ಟಿ ತೀರಾ ಮಂದವಾದ ಮೇಲೆ ಪೂರ್ತಿ ತೋಟದ ಕಡೆ ತಿರುಗಿದಳು. 1899ರಲ್ಲಿ 'ವುಡ್ ಅಂಡ್ ಗಾರ್ಡನ್' ಬಂತು, ಫೋಟೋಗಳು ತಾನೇ ತೆಗೆದದ್ದು. 1908ರಲ್ಲಿ ಬಣ್ಣಗಳ ಬಗೆಗಿನ ಪುಸ್ತಕ. ಅದೇ ವರ್ಷ ಮಕ್ಕಳಿಗಾಗಿ ಒಂದು.

ಈಕೆಯ ಪುಸ್ತಕಗಳು ಹೆಂಗಸರಿಗೆ ಮಾತ್ರ ಅಂತ ಇಲ್ಲ. ಜೇನ್‌ಳ ಕಾಲಕ್ಕೂ ಈಕೆಯ ಕಾಲಕ್ಕೂ ಆದ ವ್ಯತ್ಯಾಸವೇ ಅದು. 1840ರಲ್ಲಿ ಹೆಂಗಸು ಹೆಂಗಸರಿಗೆ ಮಾತ್ರ ಹೇಳಬಹುದಿತ್ತು. 1899ಕ್ಕೆ ಗಂಡಸರೂ ನೋಟ್ಸ್ ಮಾಡಿಕೊಳ್ಳುತ್ತಿದ್ದರು.

ಆಕೆಯ ಮನೆ ಮನ್‌ಸ್ಟೆಡ್ ವುಡ್ ಊರಿನಿಂದ ಸ್ವಲ್ಪ ದೂರ. 1890ರ ದಶಕದಲ್ಲಿ ಅದನ್ನು ಕಟ್ಟಿಕೊಟ್ಟದ್ದು ಎಡ್ವಿನ್ ಲಟ್ಯೆನ್ಸ್, ಆಮೇಲೆ ಹೊಸ ದೆಹಲಿ ಕಟ್ಟಿದವನೇ. 2023ರಲ್ಲಿ ಹಳೆಯ ಮನೆ, ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿದೆ. ನಾನು ಒಳಗೆ ಹೋಗುವ ಏರ್ಪಾಟು ಮಾಡಿಕೊಂಡಿರಲಿಲ್ಲ. ಬಸ್‌ಬ್ರಿಜ್ ಚರ್ಚಿನ ಕಡೆ ನಡೆದೆ. ಜೀಕಲ್ ಕುಟುಂಬದ ಸಮಾಧಿ ಅಲ್ಲಿದೆ, ಅದರ ವಿನ್ಯಾಸವೂ ಲಟ್ಯೆನ್ಸ್‌ನದೇ. ಹೆಸರಿನಡಿ ಮೂರೇ ಪದ: ಕಲಾವಿದೆ, ತೋಟಗಾರ್ತಿ, ಕುಶಲಕರ್ಮಿ. ಯಾರ ಮಗಳು, ಯಾರ ಹೆಂಡತಿ ಅಂತ ಏನೂ ಇಲ್ಲ. ಆಕೆ ಮದುವೆ ಆಗಲೇ ಇಲ್ಲ.

ಈಕೆಯ ಬೂಟು ಬಹಳ ಪ್ರಸಿದ್ಧ. 1920ರಲ್ಲಿ ವಿಲಿಯಂ ನಿಕೋಲ್ಸನ್ ಆಕೆಯ ಭಾವಚಿತ್ರ ಬರೆಯಲು ಬಂದ. ಹಗಲಿಡೀ ತೋಟದಲ್ಲಿ ಕೆಲಸವಿದೆ, ಕೂರಲು ಪುರುಸೊತ್ತಿಲ್ಲ ಅಂದುಬಿಟ್ಟಳು. ಕಾಯುತ್ತಾ ಕೂತ ಚಿತ್ರಕಾರ ಆಕೆಯ ತೋಟದ ಬೂಟುಗಳದ್ದೇ ಚಿತ್ರ ಬರೆದ. ಟೇಟ್ ಸಂಗ್ರಹದಲ್ಲಿರುವ ಆ ಚಿತ್ರ ನನಗೆ ಬಹಳ ಇಷ್ಟ. ಮೊಳೆ ಹೊಡೆದ ಅಟ್ಟೆ, ಬಾಯಿಬಿಟ್ಟ ತುದಿ, ಸುಕ್ಕುಗಟ್ಟಿದ ಚರ್ಮ. ಎಪ್ಪತ್ತಾರು ದಾಟಿದವಳ ಬೂಟು. ಜೇನ್ ಹೇಳಿದ ಕಬ್ಬಿಣದ ತಗಡಿನಿಂದ ಇಲ್ಲಿಯವರೆಗೆ ಒಂದು ದಾರಿ ಕಾಣುತ್ತದೆ. ಹಾಗಂತ ಈಕೆಯ ಮನೆಯಲ್ಲಿ ಆಳುಗಳಿರಲಿಲ್ಲ ಅಂತಲ್ಲ. ಹದಿನೈದು ಎಕರೆಯ ತೋಟವನ್ನು ಒಬ್ಬಳೇ ಅಗೆಯಲು ಸಾಧ್ಯವೇ ಇಲ್ಲ. ಸಂಬಳದ ಮಾಲಿಗಳಿದ್ದರು. ಆದರೆ ಬೂಟು ಸುಳ್ಳು ಹೇಳುವುದಿಲ್ಲ, ಈಕೆಯೂ ಮಣ್ಣಿಗಿಳಿದವಳೇ.

ವಾಪಸು ಬರುವಾಗ ನದಿ ಹತ್ತಿರದ ಫಿಲಿಪ್ಸ್ ಸ್ಮಾರಕದಲ್ಲಿ ಕೂತು ತಂಗಿ ಕಟ್ಟಿಕೊಟ್ಟ ಚಪಾತಿ ಪಲ್ಯ ತಿಂದೆ. ಟೈಟಾನಿಕ್ ಮುಳುಗುವಾಗ ಕೊನೆಯವರೆಗೂ ಸಂದೇಶ ಕಳಿಸುತ್ತಿದ್ದ ವೈರ್‌ಲೆಸ್ ಆಪರೇಟರ್ ಇದೇ ಊರಿನ ಹುಡುಗ. ಅವನ ನೆನಪಿನ ಈ ಅಂಗಳಕ್ಕೆ ಗಿಡಗಳ ಯೋಜನೆ ಮಾಡಿದ್ದು ಜೀಕಲ್. ಟಿಕೆಟ್ ಇಲ್ಲ, ಬೇಲಿಯಿಲ್ಲ.

ಶನಿವಾರ, ನೆಬ್‌ವರ್ತ್

ಶುಕ್ರವಾರ ತಂಗಿಯ ಜೊತೆ ಅಂಗಡಿ ಸುತ್ತಿದ್ದೇ ಆಯಿತು, ಬರೆಯುವಂಥದ್ದೇನಿಲ್ಲ. ಶನಿವಾರ ಅವಳಿಗೂ ರಜೆ. ಕಾರಿನಲ್ಲಿ ಹರ್ಟ್‌ಫರ್ಡ್‌ಷೈರಿನ ನೆಬ್‌ವರ್ತ್ ಅರಮನೆಗೆ ಹೋದೆವು.

ಇಲ್ಲಿಗೆ ಬರಲು ಕಾರಣ ಒಂದು ಪುಸ್ತಕ. 'ಪಾಟ್‌ಪೌರಿ ಫ್ರಮ್ ಎ ಸರ್‍ರೆ ಗಾರ್ಡನ್', 1897. ಬರೆದವಳು ಮರಿಯಾ ತೆರೇಸಾ ಅರ್ಲ್, ಆಗ ಆಕೆಗೆ ಅರವತ್ತು ದಾಟಿತ್ತು. ಜನವರಿಯಿಂದ ಡಿಸೆಂಬರ್ ಅಂತ ತಿಂಗಳ ಲೆಕ್ಕದಲ್ಲಿ ಹೋಗುತ್ತದೆ. ಗಿಡ, ಅಡುಗೆ, ಹೆಣ್ಣುಮಕ್ಕಳನ್ನು ಬೆಳೆಸುವುದು, ಓದಿದ ಪುಸ್ತಕ, ಎಲ್ಲ ಬೆರಕೆ. ಹಿತ್ತಿಲ ಕಟ್ಟೆಯ ಮೇಲೆ ಕೂತ ಹಿರಿಯಳೊಬ್ಬಳ ಹರಟೆಯ ಹಾಗಿದೆ. ಭಾರೀ ಜನಪ್ರಿಯವಾಗಿ ಮುದ್ರಣದ ಮೇಲೆ ಮುದ್ರಣ ಕಂಡಿತು. ಆದರೆ ಇಲ್ಲಿ ಸಲಿಕೆ ಹಿಡಿಯುವವನು ಸ್ಪಷ್ಟವಾಗಿ ಮಾಲಿಯೇ. ಯಜಮಾನಿ ಅವನಿಗೆ ಹೇಳಿ ಮಾಡಿಸುವಷ್ಟು ತಿಳಿದಿರಬೇಕು, ಅಷ್ಟೇ. ಜೇನ್‌ಗಿಂತ ಐವತ್ತೇಳು ವರ್ಷ ಆಮೇಲೆ ಬಂದ ಪುಸ್ತಕ ಈ ಲೆಕ್ಕದಲ್ಲಿ ಹಿಂದಕ್ಕೇ ಹೋಗಿದೆ.

ಅರ್ಲ್‌ಳ ತಂಗಿ ಈಡಿತ್ ಈ ಅರಮನೆಗೆ ಸೊಸೆಯಾಗಿ ಬಂದವಳು. ಅವಳ ಗಂಡ ಲಾರ್ಡ್ ಲಿಟ್ಟನ್, 1876ರಿಂದ 1880ರವರೆಗೆ ಭಾರತದ ವೈಸ್‌ರಾಯ್. ಅರಮನೆಯೊಳಗೆ ಅವನ ಭಾರತದ ದಿನಗಳ ಬಗ್ಗೆ ಒಂದು ಪ್ರದರ್ಶನವೇ ಇದೆ. 1877ರ ಜನವರಿ 1ರ ದೆಹಲಿ ದರ್ಬಾರು, ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ್ದು, ಅದರ ವೈಭವ.

ನನಗೆ ಅಲ್ಲಿ ಕಾಲು ಮುಂದೆ ಹೋಗಲಿಲ್ಲ. 1876ರಿಂದ 1878ರವರೆಗಿನ ಆ ಎರಡು ವರ್ಷ ನಮ್ಮಲ್ಲಿ ಧಾತು ವರ್ಷದ ಬರ. ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಹೋದರು ಅನ್ನುತ್ತಾರೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಊರಿಗೆ ಊರೇ ಖಾಲಿ. ಮಳೆ ಇಲ್ಲದ್ದು ಯಾರ ತಪ್ಪೂ ಅಲ್ಲ. ಆದರೆ ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು, ಪರಿಹಾರಕ್ಕೆ ಜಾಸ್ತಿ ಖರ್ಚಾಗಬಾರದು ಅಂತ ಹಟ ಹಿಡಿದದ್ದು ಲಿಟ್ಟನ್‌ನ ಆಡಳಿತ. ಬರ ಪರಿಹಾರದ ಕಾಮಗಾರಿಯ ಕೂಲಿಗೆ ದಿನಕ್ಕೆ ಎಷ್ಟು ಧಾನ್ಯ ಸಾಕು ಅಂತ ಅಳೆದು ಕಡಿಮೆ ಮಾಡಿದರು. ತಂಗಿ ಕೈ ಹಿಡಿದು ಎಳೆದಳು. ಹೊರಗೆ ಬಂದೆವು.

ಹೊರಗೆ ಗಿಡಮೂಲಿಕೆಗಳ ಒಂದು ಸಣ್ಣ ತೋಟ. ಐದು ವೃತ್ತಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಇಟ್ಟಿಗೆ ಅಂಚು. 1907ರಲ್ಲಿ ಇದರ ನಕ್ಷೆ ಬರೆದವಳು ಜೀಕಲ್. ನಕ್ಷೆಯಂತೆ ನೆಟ್ಟದ್ದು ಮಾತ್ರ 1982ರಲ್ಲಿ. ಲಿಟ್ಟನ್‌ನ ಮಗಳು ಎಮಿಲಿಯನ್ನು ಮದುವೆಯಾದದ್ದು ಲಟ್ಯೆನ್ಸ್. ಹೀಗೆ ಎಲ್ಲರೂ ನೆಂಟರು, ಗೆಳೆಯರು. ಇಂಗ್ಲೆಂಡಿನ ಮೇಲ್ವರ್ಗ ಒಂದು ಸಣ್ಣ ಹಳ್ಳಿ ಅಂತ ಕಾಣುತ್ತದೆ.

ಈ ಮನೆಯ ಇನ್ನೊಬ್ಬ ಮಗಳ ಕತೆ ಹೇಳದೆ ಮುಂದೆ ಹೋಗಲಾರೆ. ಕಾನ್‌ಸ್ಟೆನ್ಸ್ ಲಿಟ್ಟನ್. 1869ರಲ್ಲಿ ಹುಟ್ಟಿದವಳು, ಬಾಲ್ಯದ ಕೆಲವು ವರ್ಷ ಭಾರತದಲ್ಲಿ. ದೊಡ್ಡಮ್ಮ ಅರ್ಲ್‌ಳ ಪುಸ್ತಕದ ಕೊನೆಗೆ ಜಪಾನಿನ ರೀತಿಯಲ್ಲಿ ಹೂ ಜೋಡಿಸುವುದರ ಬಗ್ಗೆ ಒಂದು ಅನುಬಂಧವಿದೆ, ಅದನ್ನು ಬರೆದವಳು ಈಕೆ. ಹೂದಾನಿಯಲ್ಲಿ ಕೊಂಬೆ ಹೇಗೆ ನಿಲ್ಲಿಸಬೇಕು ಅಂತ ಬರೆದ ಈ ಸಂಕೋಚದ ಹೆಂಗಸು, ಹತ್ತು ವರ್ಷ ಕಳೆದ ಮೇಲೆ ಹೆಂಗಸರ ಮತದ ಹಕ್ಕಿಗಾಗಿ ಬೀದಿಗಿಳಿದಳು. ಜೈಲಿಗೆ ಹಾಕಿದರು. ದೊಡ್ಡ ಮನೆತನದವಳು, ಹೃದಯ ದುರ್ಬಲ ಅಂತ, ಉಪವಾಸ ಕೂತಾಗ ಬಲವಂತವಾಗಿ ತಿನ್ನಿಸದೆ ಬಿಟ್ಟು ಕಳಿಸಿದರು. ಅವಳಿಗೆ ಅದು ಸಹಿಸಲಾಗಲಿಲ್ಲ. ಕೂದಲು ಕತ್ತರಿಸಿಕೊಂಡು, ಅಗ್ಗದ ಕೋಟು ಹಾಕಿಕೊಂಡು, ಜೇನ್ ವಾರ್ಟನ್ ಅನ್ನುವ ಬಡ ಹೊಲಿಗೆಯವಳ ವೇಷದಲ್ಲಿ 1910ರ ಜನವರಿಯಲ್ಲಿ ಲಿವರ್‌ಪೂಲಿನಲ್ಲಿ ಮತ್ತೆ ಸೆರೆಯಾದಳು. ಈ ಸಲ ಯಾರೂ ಹೃದಯ ಸರಿಯಾಗಿ ಪರೀಕ್ಷೆ ಮಾಡಲಿಲ್ಲ. ಗಂಟಲಿಗೆ ನಳಿಗೆ ಇಳಿಸಿ ಎಂಟು ಸಲ ಬಲವಂತವಾಗಿ ಆಹಾರ ಸುರಿದರು. ಎರಡು ವರ್ಷದಲ್ಲಿ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋದ ಮೇಲೆ ಎಡಗೈಯಲ್ಲಿ ಬರೆದು 1914ರಲ್ಲಿ ಜೈಲಿನ ಅನುಭವ ಪ್ರಕಟಿಸಿದಳು.

ಒಂದೇ ದೇಹ. ಯಜಮಾನಿಯ ಬಟ್ಟೆಯಲ್ಲಿ ಒಂದು ಉಪಚಾರ, ಕೂಲಿಯವಳ ಬಟ್ಟೆಯಲ್ಲಿ ಇನ್ನೊಂದು. ಲ್ಯಾಂಬೆತ್‌ನಲ್ಲಿ ಗವುಸಿನ ಬಗ್ಗೆ ನಾನು ಯೋಚಿಸಿದ್ದನ್ನು ಈಕೆ ಮೈಮೇಲೆ ಹಾಕಿಕೊಂಡು ತೋರಿಸಿದ್ದಳು. 1923ರಲ್ಲಿ ತೀರಿಕೊಂಡಳು. ಇಲ್ಲೇ ಪಾರ್ಕಿನಲ್ಲಿರುವ ಮನೆತನದ ಸಮಾಧಿ ಮಂಟಪದಲ್ಲಿದ್ದಾಳೆ.

ಭಾನುವಾರ, ಕ್ಯೂ

ಕ್ಯೂ ಗಾರ್ಡನ್ಸ್ ಅಂದರೆ ಬೆಂಗಳೂರಿನವರಿಗೆ ಅಜ್ಜಿಮನೆ ಇದ್ದ ಹಾಗಿರಬೇಕು. ಲಾಲ್‌ಬಾಗಿಗೆ 1874ರಲ್ಲಿ ಬಂದ ಜಾನ್ ಕ್ಯಾಮೆರಾನ್, 1908ರಲ್ಲಿ ಬಂದ ಕ್ರುಂಬಿಗಲ್ ಇಬ್ಬರೂ ಕ್ಯೂನಲ್ಲಿ ಪಳಗಿದವರು. ಮರಿಯಾನ್ ನಾರ್ತ್ ಗ್ಯಾಲರಿಗೆ ಒಂದು ಗಂಟೆ ಇಟ್ಟುಕೊಂಡೆವು. ಭಾರತವನ್ನೂ ಸೇರಿಸಿ ಲೋಕವೆಲ್ಲ ಒಬ್ಬಳೇ ಸುತ್ತಿ ಗಿಡ ಹೂವು ಬರೆದವಳು. 800ಕ್ಕೂ ಹೆಚ್ಚು ಚಿತ್ರ, ಗೋಡೆಯಲ್ಲಿ ಬೆರಳಿಡಲು ಜಾಗವಿಲ್ಲ. 1882ರಲ್ಲಿ ತೆರೆದ ಕಟ್ಟಡ, ಖರ್ಚೂ ಆಕೆಯದೇ.

ನಾನು ಬಂದದ್ದು ಬೇರೆ ಇಬ್ಬರಿಗಾಗಿ. ಕೆಂಟ್ ಸೀಮೆಯ ಸ್ವಾನ್ಲಿ ಎಂಬಲ್ಲಿ 1889ರಲ್ಲಿ ಗಂಡು ಹುಡುಗರಿಗಾಗಿ ಒಂದು ತೋಟಗಾರಿಕೆ ಕಾಲೇಜು ಶುರುವಾಯಿತು. ಎರಡು ವರ್ಷಕ್ಕೆ ಹುಡುಗಿಯರನ್ನೂ ಸೇರಿಸಿಕೊಂಡರು. ಕೆಲವು ವರ್ಷಗಳಲ್ಲಿ ಅದು ಪೂರ್ತಿ ಹುಡುಗಿಯರದ್ದೇ ಆಯಿತು! ಅಲ್ಲಿ ಕಲಿತ ಆನೀ ಗಲ್ವಿನ್ ಮತ್ತು ಆಲಿಸ್ ಹಚಿನ್ಸ್ 1896ರಲ್ಲಿ ಕ್ಯೂನ ಮೊದಲ ಹೆಣ್ಣು ಮಾಲಿಗಳಾಗಿ ಕೆಲಸಕ್ಕೆ ಸೇರಿದರು. ಗಂಡಸರ ಹಾಗೆಯೇ ಸಮವಸ್ತ್ರ, ಮೊಣಕಾಲಿನ ಕೆಳಗೆ ಕಟ್ಟುವ ಚಡ್ಡಿ, ಉಣ್ಣೆಯ ಕಾಲುಚೀಲ, ಟೋಪಿ. ಇವರು ಉಳಿದವರ ಗಮನ ಸೆಳೆಯಬಾರದು ಅನ್ನುವುದು ಆಡಳಿತದ ಉದ್ದೇಶ. ಆದದ್ದು ತಿರುಗಾಮುರುಗಾ. ಚಡ್ಡಿ ಹಾಕಿದ ಹೆಂಗಸರನ್ನು ನೋಡಲು ಲಂಡನ್ ಜನ ಬಸ್ಸಿನ ಮೇಲಂತಸ್ತು ಹತ್ತಿ ಬಂದರು ಅಂತ ತಮಾಷೆ ಪದ್ಯವೇ ಹುಟ್ಟಿತು. ಜೇನ್ ಕಾದಂಬರಿಯಲ್ಲಿ ಪ್ಯಾಂಟು ಹಾಕಿಸಲು 22ನೇ ಶತಮಾನದವರೆಗೆ ಕಾದಿದ್ದಳು. ಪಾಪ, ಅಷ್ಟು ದೂರ ಹೋಗಬೇಕಿರಲಿಲ್ಲ.

ನಾನು ಹುಡುಕುತ್ತಿದ್ದ, ಪುಸ್ತಕ ಓದುವ ಹೆಂಗಸು ಇಲ್ಲಿ ಬೇರೆಯಾಗುತ್ತಾಳೆ. ಇವಳು ಸಂಬಳಕ್ಕೆ ಅಗೆಯುವವಳು. ಇವಳಿಗಾ‌ಗಿ ಪುಸ್ತಕವೂ ಬಂತು. 1908ರಲ್ಲಿ ಫ್ರಾನ್ಸಿಸ್ ವೂಲ್ಸ್‌ಲಿ 'ಗಾರ್ಡನಿಂಗ್ ಫಾರ್ ವಿಮೆನ್' ಬರೆದಳು. ಸೇನಾಪತಿಯ ಮಗಳು, ಸಸೆಕ್ಸಿನ ಗ್ಲೈಂಡ್‌ನಲ್ಲಿ ಹೆಣ್ಣು ಮಾಲಿಗಳ ಶಾಲೆ ನಡೆಸುತ್ತಿದ್ದವಳು. ಈ ಪುಸ್ತಕದ ಕಾಳಜಿ ಹೂವಿನ ಬಣ್ಣವಲ್ಲ, ತರಬೇತಿ ಮತ್ತು ಉದ್ಯೋಗ. ಓದಲು ಜೇನ್‌ಳಷ್ಟು ಸೊಗಸಿಲ್ಲ ಅಂತ ಒಪ್ಪಬೇಕು. ಹೆಸರು ನೋಡಿದಿರಾ? ಜೇನ್‌ಳ ಪುಸ್ತಕದ ಲೇಡಿಗಳು ಇಲ್ಲಿಲ್ಲ.

ಸಂಜೆ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಮೇ ತಿಂಗಳಲ್ಲಿ ಇಲ್ಲಿ ಒಂಬತ್ತರವರೆಗೂ ಬೆಳಕು. ತಂಗಿಯ ಹಿತ್ತಿಲಲ್ಲಿ ಬೇಲಿಯ ಪಕ್ಕ ಒಂದು ಪಟ್ಟಿ ಜಾಗ ಖಾಲಿ ಬಿದ್ದಿತ್ತು. ಶುಕ್ರವಾರ ಅಂಗಡಿಯಲ್ಲಿ ಕೊಂಡಿದ್ದ ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆಗಳೂ ಇದ್ದವು. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಡೇರೆ ಗೆಡ್ಡೆ ನೆಡದ ಮನೆಯಿಲ್ಲ. ಬಣ್ಣಕ್ಕೆ ಬಣ್ಣ ಬದಲಾಯಿಸಿಕೊಳ್ಳುವುದು, ಕಾಗದದಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುವುದು, ಎಲ್ಲ ಹೆಂಗಸರದ್ದೇ ವ್ಯವಹಾರ. ಯಾವ ಪುಸ್ತಕವೂ ಇಲ್ಲದೆ ನಡೆದು ಬಂದದ್ದು.

ತಂಗಿಯ ಸಲಿಕೆ ತೆಗೆದುಕೊಂಡು ಜೇನ್ ಹೇಳಿದ ಹಾಗೆಯೇ ಶುರುಮಾಡಿದೆ. ಲಂಡನ್ನಿನದ್ದು ಜೇಡಿಮಣ್ಣು, ಮಳೆ ಬಂದಿದ್ದರಿಂದ ಅಂಟು. ನೆಟ್ಟಗೆ ಚುಚ್ಚಿದರೆ ಸಲಿಕೆ ಅರ್ಧಕ್ಕೆ ನಿಲ್ಲುತ್ತದೆ, ಎಳೆದರೆ ಬರುವುದಿಲ್ಲ. ಓರೆಯಾಗಿ ಇಳಿಸಿದೆ. ಕಾಲಿಟ್ಟು ಒತ್ತಿದೆ. ಹೋಯಿತು! ಹಿಡಿಯನ್ನು ಕೆಳಕ್ಕೆ ಅದುಮಿದರೆ ಒಂದು ತೆಳ್ಳನೆ ಹೆಂಟೆ ಕೈಗೆ ಭಾರವಾಗದೆ ಎದ್ದು ಬಂತು, ಒಳಮೈ ನುಣ್ಣಗೆ ಹೊಳೆಯುತ್ತಿತ್ತು, ಒಂದು ಎರೆಹುಳ ಅರ್ಧ ಹೊರಗೆ. ಊರಲ್ಲಿ ಗುದ್ದಲಿ ಎತ್ತಿ ಹೊಡೆದು ನಮ್ಮ ಕಡೆ ಎಳೆದುಕೊಳ್ಳುವುದು ರೂಢಿ, ಜೋರೆಲ್ಲ ಸೊಂಟಕ್ಕೂ ಹೆಗಲಿಗೂ. ಇದರಲ್ಲಿ ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಚಪ್ಪಲಿಯ ಅಟ್ಟೆ ಮಾತ್ರ ಮೆತ್ತಗಾಗಿ ಪಾದದ ನಡುವೆ ಒತ್ತುತ್ತಿತ್ತು. ಕಬ್ಬಿಣದ ತಗಡು ಯಾಕೆ ಅಂತ ಅರ್ಥವಾಯಿತು.

ನಡುವೆ ಸಾಗರದಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಅಲ್ಲಿ ನಡುರಾತ್ರಿ, ಅವರಿಗೆ ನಿದ್ದೆ ಬಂದಿರಲಿಲ್ಲವಂತೆ. ತಂಗಿ ಫೋನ್ ತಿರುಗಿಸಿ ಅಗೆದ ಪಟ್ಟಿ ತೋರಿಸಿದಳು. ಕೆಸರಾದ ನನ್ನ ಸಲ್ವಾರನ್ನೂ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು.

"ಅಯ್ಯೋ, ಅಷ್ಟು ದೂರ ಹೋಗಿ ನೀನೇ ಅಗೀತಾ ಇದೀಯಾ? ಅಲ್ಲಿ ಆಳು ಸಿಗಲ್ವಾ?"

ಗಂಟೆಗೆ ಇಷ್ಟು ಪೌಂಡು ಅಂತ ತಂಗಿ ರೂಪಾಯಿಯಲ್ಲಿ ಲೆಕ್ಕ ಹೇಳಿದಳು. ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಗೆಡ್ಡೆ ಜಾಸ್ತಿ ಆಳಕ್ಕೆ ಹಾಕಬೇಡ, ಕಣ್ಣು ಮೇಲೆ ಇರಲಿ" ಅಂದರು.